ಅಪ್ಪನ ಕಣ್ಣೊಳಗಿನ ಸಕ್ಕರೆ

‘ಸೂಜಿಗೆ ದಾರ ಹಾಕ್ಕೊಡು ಮಗಾ...’

ರಜೆಗೆ ಊರಿಗೆ ಹೋದಾಗಲೆಲ್ಲ ಅಪ್ಪ ಹೀಗೆ ಕರೆಯುತ್ತಿದ್ದ. ನಾನು ಗೊಣಗುತ್ತಲೇ ದಾರ ಪೋಣಿಸಿಕೊಟ್ಟು ಮತ್ತೆ ಮೊಬೈಲ್ ಹಿಡಿಯುತ್ತಿದ್ದೆ.

ಅಪ್ಪ ಟೈಲರ್. ವಯಸ್ಸು 47, ಶುಗರ್ ಬಂದು ಎಂಟು ವರ್ಷ. ಒಂದೇ ವರ್ಷದಲ್ಲಿ ಮೂರು ಸಲ ಕನ್ನಡಕ ಬದಲಿಸಿದರೂ ‘ಸರಿಯಾಗಿ ಕಾಣ್ತಿಲ್ಲ’ ಎನ್ನುತ್ತಿದ್ದ. ‘ಅಂಗಡಿಯವನು ಟೋಪಿ ಹಾಕಿದಾನೆ’ ಎಂದು ನಾನು ರೇಗಿದ್ದೆ. ಕೊನೆಗೊಂದು ದಿನ ಗಿರಾಕಿಯ ಕಡುನೀಲಿ ಪ್ಯಾಂಟಿಗೆ ಕಪ್ಪು ದಾರದಲ್ಲಿ ಹೊಲಿಗೆ ಹಾಕಿಬಿಟ್ಟ. ಆಗ ಕಣ್ಣಾಸ್ಪತ್ರೆಗೆ ಕರೆದೊಯ್ದೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು!

‘ಪೊರೆ ಬರೋದು ವಯಸ್ಸಾದವರಿಗಲ್ವಾ ಮೇಡಂ?’ ಎಂದೆ. ಶುಗರ್ ಇದ್ದವರಿಗೆ ಬೇಗ ಬರುತ್ತದೆ ಎಂದ ಡಾಕ್ಟರ್, ಕಾರಣವನ್ನೂ ಬಿಡಿಸಿ ಹೇಳಿದರು.

ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ಪರದೆ ಎಂದುಕೊಂಡಿದ್ದೆ. ನಿಜದಲ್ಲಿ ಕಣ್ಣೊಳಗಿನ ಲೆನ್ಸೇ ಮಂಜಾಗುತ್ತದೆ. ಈ ಲೆನ್ಸಿಗೆ ರಕ್ತನಾಳಗಳಿಲ್ಲ. ಸುತ್ತಲಿನ ದ್ರವದಿಂದಲೇ ಅದಕ್ಕೆ ಗ್ಲೂಕೋಸ್ ಸಿಗಬೇಕು. ಒಳಹೋಗಲು ಇನ್ಸುಲಿನ್ ಅಪ್ಪಣೆಯೂ ಬೇಕಿಲ್ಲ. ಹಾಗಾಗಿ ರಕ್ತದಲ್ಲಿ ಸಕ್ಕರೆ ಏರಿದರೆ ಲೆನ್ಸಿನಲ್ಲೂ ಏರುತ್ತದೆ. ಹೆಚ್ಚಾದ ಗ್ಲೂಕೋಸನ್ನು ಅಲ್ಲಿನ ಕಿಣ್ವವೊಂದು ಸಾರ್ಬಿಟಾಲ್ ಆಗಿ ಬದಲಿಸುತ್ತದೆ. ಅದು ಸುಲಭವಾಗಿ ಹೊರಬರಲಾಗದೆ ಜೀವಕೋಶದಲ್ಲೇ ಉಳಿದು ನೀರನ್ನು ಎಳೆದುಕೊಳ್ಳುತ್ತದೆ.

ಪಿಯುಸಿಯಲ್ಲಿ ಒಣದ್ರಾಕ್ಷಿಯನ್ನು ನೀರಿಗೆ ಹಾಕಿ ಉಬ್ಬುವುದನ್ನು ನೋಡಿದ್ದು ನೆನಪಿದೆಯಲ್ಲ? ಅದೇ ಆಸ್ಮಾಸಿಸ್! ಲೆನ್ಸ್ ಉಬ್ಬಿದಂತೆ, ಇಳಿದಂತೆ ಕನ್ನಡಕದ ನಂಬರ್ ಬದಲಾಗುತ್ತದೆ. ಅಂಗಡಿಯವನದು ಏನೂ ತಪ್ಪಿರಲಿಲ್ಲ. ಜೊತೆಗೆ, ಲೆನ್ಸಿನ ಪ್ರೋಟೀನುಗಳಿಗೆ ಸಕ್ಕರೆ ಅಂಟಿಕೊಂಡು ಅವು ಗಂಟುಕಟ್ಟುತ್ತವೆ. ಮೊಟ್ಟೆಯ ಪಾರದರ್ಶಕ ಲೋಳೆ ಬೆಂದಾಗ ಬೆಳ್ಳಗಾಗುತ್ತದಲ್ಲ, ಹಾಗೆ. ಬೆಂದ ಮೊಟ್ಟೆ ಮತ್ತೆ ಹಸಿಯಾಗದು. ಕಟ್ಟಿದ ಪೊರೆಯೂ ಔಷಧದ ಹನಿಗೆ ಕರಗದು. ಆಪರೇಷನ್ನೇ ದಾರಿ.

ಆಸ್ಮಾಸಿಸ್ ಬಗ್ಗೆ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದವನು ನಾನು. ಮನೆಯಲ್ಲಿ ನಡೆಯುತ್ತಿದ್ದುದು ಮಾತ್ರ ಕಾಣಲಿಲ್ಲ.

‘ಶುಗರ್ ಕೊನೇಲಿ ಯಾವಾಗ ಚೆಕ್ ಮಾಡಿಸಿದ್ರಿ?’ ಎಂದು ಡಾಕ್ಟರ್ ಕೇಳಿದರು. ಅಪ್ಪ ತಲೆ ತಗ್ಗಿಸಿದ. ವರ್ಷವೇ ಕಳೆದಿತ್ತು. ಮಾತ್ರೆಯನ್ನೂ ದಿನ ಬಿಟ್ಟು ದಿನ ನುಂಗುತ್ತಿದ್ದನಂತೆ. ಹೊರಬಂದ ಮೇಲೆ ಮೆಲ್ಲಗೆ ಹೇಳಿದ, ‘ನಿನ್ನ ಫೀಸ್ ಕಟ್ಟೋದಿತ್ತಲ್ಲ...’ ನನಗೆ ಮಾತೇ ಹೊರಡಲಿಲ್ಲ.

ಮೊದಲು ಶುಗರ್ ಹತೋಟಿಗೆ ತಂದರು. ಅಕ್ಷಿಪಟಲ ಪರೀಕ್ಷಿಸಿದರು. ಅದು ಹಾಳಾಗಿದ್ದರೆ ಪೊರೆ ತೆಗೆದರೂ ದೃಷ್ಟಿ ಪೂರ್ತಿ ಬರುತ್ತಿರಲಿಲ್ಲವಂತೆ. ಪುಣ್ಯಕ್ಕೆ ಹಾಗಾಗಿರಲಿಲ್ಲ. ಬಲಗಣ್ಣಿನ ಪೊರೆ ತೆಗೆದು ಕೃತಕ ಲೆನ್ಸ್ ಕೂರಿಸಿದರು. ಎಡಗಣ್ಣಿನ ಸರದಿ ಮುಂದಿನ ತಿಂಗಳು.

ಗೆಳೆಯರೇ, ಮನೆಯಲ್ಲಿ ಶುಗರ್ ಇರುವವರು ‘ಕನ್ನಡಕ ಸರಿಯಿಲ್ಲ’ ಎಂದರೆ ಅಂಗಡಿಗೆ ಓಡಬೇಡಿ. ಮೊದಲು ಶುಗರ್ ನೋಡಿಸಿ. ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಿರಿ. ಫೀಸಿನ ನೆಪದಲ್ಲಿ ಅವರು ಮಾತ್ರೆ ಬಿಟ್ಟಿದ್ದಾರೆಯೇ ಎಂದೂ ಒಮ್ಮೆ ಕೇಳಿ.

ಮೊನ್ನೆ ಊರಿಗೆ ಹೋಗಿದ್ದೆ. ಬಾಗಿಲಲ್ಲೇ ಅಪ್ಪ ನಿಲ್ಲಿಸಿದ: ‘ಏನೋ ಇದು, ಕಾಲರ್ ಹೊಲಿಗೆ ಬಿಚ್ಚಿದೆ. ಬಿಚ್ಚಿಕೊಡು ಶರ್ಟು.’

ಸೂಜಿಗೆ ದಾರ ಹಾಕಲು ನನ್ನನ್ನು ಕರೆಯಲೇ ಇಲ್ಲ.