ಪಂಪು ಕಾಯುವ ಚಿಪ್ಪಿಗೆ ಪಾಠ

ಕಂಗಿನ ತೋಟವಿದ್ದವರಿಗೆ ಬೇಸಗೆಯ ಭಯವನ್ನು ವಿವರಿಸಬೇಕಾಗಿಲ್ಲ. ನಮ್ಮ ಅಡೂರಿನಲ್ಲಿ ಪಯಸ್ವಿನಿ ಸೊರಗುತ್ತಲೇ ಕೆರೆ, ಬಾವಿಗಳ ನೀರೂ ಇಳಿಯುತ್ತದೆ. ಒಂದು ಮಾರ್ಚಿಯಲ್ಲಿ ನಾವು ಶಾಲೆಯಲ್ಲಿದ್ದಾಗ ಕೆರೆ ಬತ್ತಿ, ಪಂಪು ನೀರಿಲ್ಲದೆ ಓಡಿ ಸುಟ್ಟುಹೋಯಿತು. ಅದು ದುರಸ್ತಿಯಾಗಿ ಬರುವಷ್ಟರಲ್ಲಿ ಎಳೆ ಸಸಿಗಳು ಒಣಗಿದುವು.

ನೀರು ತಗ್ಗಿದೊಡನೆ ಪಂಪನ್ನು ನಿಲ್ಲಿಸುವ ಕಾವಲುಗಾರನನ್ನು ಹುಡುಕುತ್ತ ನಾವು ಮೈಕ್ರೋಕಂಟ್ರೋಲರನ್ನು ಕಲಿಯತೊಡಗಿದೆವು. ಲೆಕ್ಕ ಮಾಡುವ ಭಾಗ, ನೆನಪಿನ ಭಾಗ, ತಂತಿ ಜೋಡಿಸುವ ಕಾಲುಗಳು ಎಲ್ಲವೂ ಈ ಒಂದೇ ಚಿಪ್ಪಿನಲ್ಲಿವೆ. 1980ರಲ್ಲಿ ಇಂಟೆಲ್ ಕಂಪೆನಿ ಹೊರತಂದ 8051ಕ್ಕೆ 40 ಕಾಲುಗಳು. ಆದೇಶಗಳಿಗೆ 4096 ಬೈಟು, ನಡುವಿನ ಲೆಕ್ಕಕ್ಕೆ 128 ಬೈಟು ಸ್ಥಳ.

ಮೊದಲು ಅಸೆಂಬ್ಲಿ ಭಾಷೆಯನ್ನು ಸ್ವಲ್ಪ ಕಲಿಯತಕ್ಕದ್ದು. 8051ರಲ್ಲಿ ‘ಸೆಟ್‌ಬಿ’ ಎಂದರೆ ಒಂದು ಕಾಲಿಗೆ ವಿದ್ಯುತ್ ಏರಿಸು. ‘ಸಿಎಲ್‌ಆರ್’ ಎಂದರೆ ಇಳಿಸು. ಒಂದೊಂದು ಸಾಲಿಗೆ ಒಂದೊಂದೇ ಕೆಲಸ. ಮಗ್ಗಿಯಿಂದ ಗಣಿತ ಕಲಿತಂತೆ ಯಂತ್ರದ ನಡೆ ಇದರಿಂದ ಮನಸ್ಸಿಗೆ ಹಿಡಿಯುತ್ತದೆ. ಆದರೆ ಚಿಪ್ಪಿನ ಜಾತಿ ಬದಲಾದರೆ ಅಸೆಂಬ್ಲಿಯೂ ಬದಲಾಗುತ್ತದೆ. 1972ರ ಸುಮಾರಿಗೆ ಅಮೇರಿಕದ ಡೆನ್ನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ ಬರೆದದ್ದನ್ನಾದರೋ ಅಲ್ಪಸ್ವಲ್ಪ ತಿದ್ದಿ ಬೇರೆ ಚಿಪ್ಪಿಗೂ ಬಳಸಬಹುದು.

ನಮ್ಮ ಮೊದಲ ಬರವಣಿಗೆ ಇಷ್ಟೇ: ‘ನೀರಿದ್ದರೆ ಪಂಪು ಓಡಲಿ, ಇಲ್ಲದಿದ್ದರೆ ನಿಲ್ಲಲಿ.’ ನೀರು ಗುರುತಿನ ಮಟ್ಟಕ್ಕೆ ಬಂದಾಗ ಅಲೆ ಏರಿಳಿದಂತೆಲ್ಲ ರಿಲೇ ಟಕಟಕನೆ ಹಾಕಿ ತೆಗೆಯತೊಡಗಿತು. ಪುಣ್ಯಕ್ಕೆ ಪಂಪಿನ ಬದಲು ಸಣ್ಣ ದೀಪವನ್ನು ಜೋಡಿಸಿದ್ದೆವು! ತಪ್ಪು ಚಿಪ್ಪಿನದಲ್ಲ, ನಮ್ಮದು. ಮತ್ತೆ ತೇಲುಗುಂಡಿನ ಸ್ವಿಚ್ಚು ಎರಡಿಟ್ಟೆವು. ನೀರು ಕೆಳಗಿನದಕ್ಕಿಂತ ತಗ್ಗಿದರೆ ಪಂಪು ನಿಲ್ಲಬೇಕು. ಮೇಲಿನದನ್ನು ಮುಟ್ಟುವ ತನಕ ಪುನಃ ಹೊರಡಬಾರದು. ರಿಲೇಯ ಟಕಟಕ ನಿಂತಿತು.

ಆದುದರಿಂದ ರೈತ ಬಾಂಧವರಲ್ಲಿ ನಮ್ಮ ಸೂಚನೆ: ಯಂತ್ರ ಮಾಡಬೇಕಾದುದನ್ನು ಮೊದಲು ಕಾಗದದ ಮೇಲೆ ಕನ್ನಡದಲ್ಲೇ ಹಂತಹಂತವಾಗಿ ಬರೆಯಿರಿ. ಅಲ್ಲಿ ತಪ್ಪಿದ್ದು ಸಿ ಭಾಷೆಯಲ್ಲಿ ಸರಿಯಾಗಲಾರದು. ದೀಪವಿಟ್ಟು ಪರೀಕ್ಷಿಸದೆ ಪಂಪಿಗೆ ಜೋಡಿಸಬೇಡಿರಿ. ಚಿಪ್ಪಿನ ಕೆಲಸ 5 ವೋಲ್ಟಿನದು. ಪಂಪಿನ ಕಡೆಯ ತಂತಿಗಳನ್ನು ಬಲ್ಲ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸತಕ್ಕದ್ದು.

ಕೇರಳದ ಕೈಟ್ ಸಂಸ್ಥೆಯು 2022ರಲ್ಲಿ ಪ್ರೌಢಶಾಲೆಗಳಿಗೆ ಆರ್ಡುಯಿನೊ ಕಿಟ್ಟುಗಳನ್ನು ಹಂಚತೊಡಗಿತು. ಅದರಲ್ಲಿರುವುದೂ ಇಂತಹ ಚಿಪ್ಪೇ. ಮಕ್ಕಳು ಶಾಲೆಯಲ್ಲಿ ಕಲಿತದ್ದನ್ನು ಮನೆಯಲ್ಲಿ ಕನ್ನಡದಲ್ಲಿ ಹೇಳಲಿ. ಕೆರೆಯ ಗುಣ ಬಲ್ಲ ಹಿರಿಯರು ತಿದ್ದಲಿ. ಮುಂದಿನ ಬೇಸಗೆಗೆ ಇನ್ನೂ ಸಮಯವಿದೆ.