ಸ್ಟಾಪರ್ ಹೊಡೆದ ಗೋಲು

1962ರ ಸೆಪ್ಟೆಂಬರ್ 4. ಜಕಾರ್ತದ ಸೆನಾಯನ್ ಕ್ರೀಡಾಂಗಣ. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಫೈನಲ್. ಸುತ್ತ ಸುಮಾರು ಒಂದು ಲಕ್ಷ ಜನ, ಬಹುಪಾಲು ಮಂದಿ ಭಾರತಕ್ಕೆ ಛೀಮಾರಿ ಹಾಕುತ್ತಿರುವವರು! ಎದುರಿಗಿದ್ದದ್ದು ಏಷ್ಯನ್ ಕಪ್ ಎರಡು ಸಲ ಗೆದ್ದ ದಕ್ಷಿಣ ಕೊರಿಯಾ. ಇದೇ ಕೂಟದ ಮೊದಲ ಪಂದ್ಯದಲ್ಲಿ ನಮ್ಮನ್ನು 2–0 ಅಂತರದಲ್ಲಿ ಸೋಲಿಸಿದ್ದ ತಂಡ. 17ನೇ ನಿಮಿಷಕ್ಕೆ ಪಿ.ಕೆ. ಬ್ಯಾನರ್ಜಿ ಗೋಲು. ಮೂರೇ ನಿಮಿಷದಲ್ಲಿ ಇನ್ನೊಂದು! ಹೊಡೆದವರು ಯಾರು ಅಂತೀರಿ? ಗೋಲು ತಡೆಯುವುದೇ ಕಸುಬಾಗಿದ್ದ ಸ್ಟಾಪರ್, ಅಂದರೆ ನಡುವಿನ ಡಿಫೆಂಡರ್, ಜರ್ನೈಲ್ ಸಿಂಗ್. ಅದೂ ತಲೆಗೆ ಹಾಕಿದ ಹೊಲಿಗೆ ಇನ್ನೂ ಹಸಿಯಾಗಿರುವಾಗ!

ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನಿಸುವ ಸಂಗತಿ ಇದು. ಥಾಯ್ಲೆಂಡ್ ವಿರುದ್ಧ 4–1ರಿಂದ ಗೆದ್ದ ಪಂದ್ಯದಲ್ಲೇ ಅವರ ತಲೆ ಒಡೆದಿತ್ತು. ಬದಲಿ ಆಟಗಾರನನ್ನು ಇಳಿಸುವ ಅವಕಾಶ ಆಗ ಇರಲಿಲ್ಲ. ಜಪಾನ್ ವಿರುದ್ಧ ಜರ್ನೈಲ್ ಆಡಲಿಲ್ಲ. ಆಮೇಲೆ ಬಂತು ಸೆಮಿಫೈನಲ್. ಕೋಚ್ ಸೈಯದ್ ಅಬ್ದುಲ್ ರಹೀಂ ಆಗ ಮಾಡಿದ್ದು ನೋಡಿ: ಗಾಯಾಳು ಸ್ಟಾಪರನ್ನು ಹಿಂದೆ ನಿಲ್ಲಿಸಲಿಲ್ಲ, ಹೊರಗೂ ಕೂರಿಸಲಿಲ್ಲ, ನೇರ ಸೆಂಟರ್ ಫಾರ್ವರ್ಡ್ ಜಾಗಕ್ಕೆ ತಂದು ನಿಲ್ಲಿಸಿದರು! ಸ್ಟಾಪರ್ ಆದವನಿಗೆ ಎದುರಾಳಿ ಎತ್ತಿ ಹೊಡೆದ ಪ್ರತಿ ಚೆಂಡಿಗೂ ತಲೆ ಕೊಡುವುದು ತಪ್ಪದು, ಬಿಟ್ಟರೆ ಗೋಲು. ಮುಂದೆ ನಿಂತವನು ಯಾವ ಚೆಂಡಿಗೆ ಹಾರಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನು ತಾನೇ ತೀರ್ಮಾನಿಸಬಹುದು. ಅದಿರಲಿ, ಡಿಫೆಂಡರುಗಳು ಯಾವುದಕ್ಕೆ ತಡಬಡಾಯಿಸುತ್ತಾರೆ ಎಂಬುದು ಇನ್ನೊಬ್ಬ ಡಿಫೆಂಡರಿಗಲ್ಲದೆ ಯಾರಿಗೆ ಗೊತ್ತು? ರಹೀಂ ಅವರ ಲೆಕ್ಕ ಇದೇ ಇದ್ದಿರಬೇಕು ಎಂದು ನನ್ನ ನಂಬಿಕೆ. ದಕ್ಷಿಣ ವಿಯೆಟ್ನಾಂ ವಿರುದ್ಧ 3–2ರ ಗೆಲುವಿನಲ್ಲಿ ಒಂದು ಗೋಲು ಜರ್ನೈಲ್‌ರದ್ದು, ಎರಡು ನಾಯಕ ಚುನಿ ಗೋಸ್ವಾಮಿಯವರದ್ದು. ಫೈನಲಿನಲ್ಲಿ ಮತ್ತೊಂದು!

ಅಷ್ಟೆಲ್ಲ ಧೈರ್ಯ ತೋರಿದ ಆ ಕೋಚ್ ಕ್ಯಾನ್ಸರ್‌ನಿಂದ ನರಳುತ್ತಿದ್ದರು. ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು.

ಜಕಾರ್ತದ ಜನಕ್ಕೆ ನಮ್ಮ ಮೇಲೆ ಯಾಕಷ್ಟು ಸಿಟ್ಟು? ಇಸ್ರೇಲ್ ಮತ್ತು ತೈವಾನ್‌ಗೆ ಇಂಡೋನೇಷ್ಯಾ ಪ್ರವೇಶ ಕೊಡದಿದ್ದಾಗ, ಈ ಕೂಟವನ್ನು ಏಷ್ಯನ್ ಕ್ರೀಡಾಕೂಟ ಎಂದು ಕರೆಯಬಾರದು ಎಂದು ಪಟ್ಟು ಹಿಡಿದವರು ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ. ಜನ ಭಾರತದ ರಾಯಭಾರ ಕಚೇರಿಗೇ ನುಗ್ಗಿದ್ದರು. ಪೇಟದಿಂದ ಗುರುತು ಸಿಗಬಾರದೆಂದು ಜರ್ನೈಲ್ ಬಸ್ಸಿನೊಳಗೆ ಸೀಟು ಬಿಟ್ಟು ಕೆಳಗೆ ಕೂತು ಹೋಗಬೇಕಾಯಿತೆಂದು ಜೊತೆಗಾರರು ಹೇಳಿಕೊಂಡು ಬಂದಿದ್ದಾರೆ. ಹಾಗೆ ತಲೆ ತಗ್ಗಿಸಿ ಕೂತು ಬಂದವರೇ ಮೈದಾನದಲ್ಲಿ ಅದೇ ಜನರ ಕಣ್ಣೆದುರು ಗೋಲು ಬಾರಿಸಿದ್ದು! ಕೊರಿಯಾ ಕೊನೆಯಲ್ಲಿ ಒಂದು ಗೋಲು ತೀರಿಸಿತಷ್ಟೆ. 2–1, ಚಿನ್ನ ನಮ್ಮದು. ಏಷ್ಯನ್ ಕೂಟದ ಫುಟ್‌ಬಾಲ್ ಚಿನ್ನ ಆಮೇಲೆ ಇಂದಿನವರೆಗೂ ನಮಗೆ ಒಲಿದಿಲ್ಲ.

ಜರ್ನೈಲ್ ಹುಟ್ಟಿದ್ದು 1936ರಲ್ಲಿ. ದೇಶ ಒಡೆದಾಗ ಹನ್ನೊಂದರ ಹುಡುಗ. ಹೋಶಿಯಾರ್‌ಪುರ ಜಿಲ್ಲೆಯ ಮಾಹಿಲ್‌ಪುರದ ಖಾಲ್ಸಾ ಕಾಲೇಜಿನಲ್ಲಿ ಆಡಿ, ಕಲ್ಕತ್ತಕ್ಕೆ ಬಂದು ರಾಜಸ್ಥಾನ್ ಕ್ಲಬ್ ಸೇರಿ, 1959ರಲ್ಲಿ ಮೋಹನ್ ಬಾಗಾನ್‌ನ ಹಸಿರು–ಕಡುಗೆಂಪು ಅಂಗಿ ತೊಟ್ಟರು. 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿ ಅವರ ಜೊತೆಗಿದ್ದ ಹಾಫ್‌ಬ್ಯಾಕ್ ನಮ್ಮ ಬೆಂಗಳೂರಿನ ಕೆಂಪಯ್ಯ! ಆ ತಂಡ ಫ್ರಾನ್ಸ್ ವಿರುದ್ಧ 1–1 ಸಮ ಮಾಡಿಕೊಂಡಿತ್ತು. ಈಗ ನೆನೆದರೂ ಅಬ್ಬಾ ಅನ್ನಿಸುತ್ತದೆ.

ಎರಡು ಪಂದ್ಯ, ಎರಡು ಗೋಲು, ಏಷ್ಯಾದ ಚಿನ್ನ. ಇನ್ನೊಬ್ಬರಾಗಿದ್ದರೆ ಮುಂದೆಯೇ ಉಳಿದುಬಿಡುತ್ತಿದ್ದರೇನೋ. ಜರ್ನೈಲ್ ಮಾತ್ರ ಹಿಂದಿನ ಸಾಲಿಗೇ ಮರಳಿದರು. 1963ರಿಂದ 65ರವರೆಗೆ ಮೋಹನ್ ಬಾಗಾನ್ ಸತತ ಮೂರು ವರ್ಷ ಡ್ಯುರಾಂಡ್ ಕಪ್ ಗೆದ್ದಾಗ ಗೋಲಿನ ಮುಂದೆ ಕಾವಲಿದ್ದವರು ಅವರು. 1964ರಲ್ಲಿ ಅರ್ಜುನ ಪ್ರಶಸ್ತಿ, ನಂತರ ಭಾರತದ ನಾಯಕತ್ವ. ಅಷ್ಟೇ ಅಲ್ಲ, ಏಷ್ಯಾದ ಆಯ್ದ ಆಟಗಾರರ ಆಲ್ ಸ್ಟಾರ್ ತಂಡಕ್ಕೂ ನಾಯಕ. ಅದೂ ಗೋಲು ಹೊಡೆಯುವವರೆಂದಲ್ಲ, ಡಿಫೆಂಡರ್ ಎಂದೇ!