ಸಿಂಹಾಸನದ ಹಿಂದಿನ ಪುಸ್ತಕಗಳು

ಕೊರಿಯಾ ದೇಶವನ್ನು ಜೋಸನ್ ವಂಶದ ಅರಸರು 1392ರಿಂದ ಐದು ಶತಮಾನಗಳಿಗೂ ಮಿಕ್ಕಿ ಆಳಿದರು. ಸೂರ್ಯ, ಚಂದ್ರ ಹಾಗೂ ಐದು ಶಿಖರಗಳನ್ನು ಚಿತ್ರಿಸಿದ ಮಡಿಸುವ ತೆರೆಯೊಂದನ್ನು ಸಿಂಹಾಸನದ ಹಿಂದೆ ನಿಲ್ಲಿಸುವುದು ಅಲ್ಲಿಯ ರಾಜಮರ್ಯಾದೆ. 1791ರಲ್ಲಿ ಜೊಂಗ್ಜೊ ಎಂಬ ಅರಸನು ಅದರ ಬದಲಿಗೆ ಪುಸ್ತಕಗಳು ತುಂಬಿದ ಕಪಾಟಿನ ಚಿತ್ರವನ್ನು ನಿಲ್ಲಿಸಿದನು. ಇವು ಕಾಣುತ್ತಿವೆಯೇ ಎಂದು ಮಂತ್ರಿಗಳನ್ನು ಕೇಳಿ, ಹೌದೆಂದವರಿಗೆ, ಇವು ಪುಸ್ತಕಗಳಲ್ಲ, ಬರಿಯ ಚಿತ್ರವೆಂದು ನಕ್ಕು ತಿಳಿಸಿದನಂತೆ.

ಈ ಅರಸನು 1776ರಲ್ಲಿ ಪಟ್ಟಕ್ಕೆ ಬಂದೊಡನೆ ಗ್ಯೂಜಾಂಗ್‌ಗಾಕ್ ಎಂಬ ರಾಜಗ್ರಂಥಾಲಯವನ್ನು ಸ್ಥಾಪಿಸಿದವನು. ರಾಜ್ಯಕಾರ್ಯದ ನಡುವೆ ಓದಲು ಬಿಡುವಿಲ್ಲದಿದ್ದರೂ ಪುಸ್ತಕಗಳ ದರ್ಶನದಿಂದಲೇ ಮನಸ್ಸು ಅರಳುವುದೆಂದು ಅವನ ಭಾವನೆ. ಆದರೆ ಚಿತ್ರದಲ್ಲಿ ಒಂದು ಎಚ್ಚರಿಕೆಯೂ ಅಡಗಿತ್ತು. ಚೀನಾದಿಂದ ಬರುತ್ತಿದ್ದ ಕಥೆ ಕಾದಂಬರಿಗಳಿಗೆ, ಲಘುಶೈಲಿಯ ಗದ್ಯಕ್ಕೆ ಅಂದಿನ ವಿದ್ವಾಂಸರು ಮರುಳಾಗಿದ್ದರು. ಅವರು ಪ್ರಾಚೀನ ಗ್ರಂಥಗಳಿಗೆ ಮರಳಬೇಕೆಂಬುದು ಅರಸನ ಹಂಬಲ. 1788ರಲ್ಲಿ ಇಂತಹ ಪುಸ್ತಕಚಿತ್ರವನ್ನು ಬರೆಯದೆ ಬೇರೇನನ್ನೋ ಬರೆದ ಇಬ್ಬರು ಆಸ್ಥಾನ ಚಿತ್ರಕಾರರನ್ನು ಗಡೀಪಾರು ಮಾಡಿಸಿದನು. ವಿದ್ಯಾಪ್ರೇಮಕ್ಕೆ ಇಂತಹ ಕಠೋರ ಮುಖವೂ ಉಂಟು!

ಈ ಚಿತ್ರಗಳಿಗೆ ಕೊರಿಯನ್ ಭಾಷೆಯಲ್ಲಿ ‘ಚೇಕ್‌ಗೊರಿ’ ಎಂದು ಹೆಸರು. ‘ಚೇಕ್’ ಎಂದರೆ ಪುಸ್ತಕ. ಎಂಟು ಅಥವಾ ಹತ್ತು ಮಡಿಕೆಗಳ ತೆರೆಯನ್ನು ಬಿಡಿಸಿ ನಿಲ್ಲಿಸಿದರೆ ಗೋಡೆಯಗಲದ ಕಪಾಟೇ ಎದುರಿಗೆ ನಿಂತಂತಾಗುವುದು. ದಾರದಿಂದ ಹೊಲಿದ ಪುಸ್ತಕಗಳನ್ನು ನಮ್ಮಂತೆ ನೆಟ್ಟಗೆ ನಿಲ್ಲಿಸದೆ, ಬಟ್ಟೆಯ ಹೊದಿಕೆಯಲ್ಲಿಟ್ಟು ಒಂದರ ಮೇಲೊಂದು ಮಲಗಿಸಿರುತ್ತಾರೆ. ನೆರಳು ಬೆಳಕಿನಿಂದ ಆಳವನ್ನು ತೋರಿಸುವ ಯುರೋಪಿನ ವಿಧಾನವು ಬೀಜಿಂಗಿನ ಆಸ್ಥಾನದಲ್ಲಿದ್ದ ಜೆಸೂಟ್ ಪಾದ್ರಿಗಳ ಮೂಲಕ ಇಲ್ಲಿಗೆ ತಲುಪಿತು.

ಅರಮನೆಯಿಂದ ಶ್ರೀಮಂತರ ಮನೆಗಳಿಗೆ ಇಳಿದಾಗ ಕಪಾಟಿನ ಸ್ವರೂಪವೇ ಬದಲಾಯಿತು. ಚೀನಾದ ಪಿಂಗಾಣಿ, ಕಂಚಿನ ಪಾತ್ರೆ, ಹವಳ, ನವಿಲುಗರಿ, ಗಡಿಯಾರಗಳು ಪುಸ್ತಕಗಳ ಪಕ್ಕಕ್ಕೆ ಬಂದು ಕುಳಿತವು. ಉಳಿದು ಬಂದಿರುವ ಅನೇಕ ತೆರೆಗಳಲ್ಲಿ ಗ್ರಂಥಗಳಿಗೆ ಹೆಸರೇ ಇಲ್ಲ. ಓದಿಗೆ ಕರೆಯಬೇಕಾಗಿದ್ದ ಚಿತ್ರವು ಸಿರಿಯ ಪಟ್ಟಿಯಾಯಿತೆಂದರೆ ತಪ್ಪಾಗದು.

ಆದರೂ ಜನಸಾಮಾನ್ಯರ ಚಿತ್ರಕಾರರು ಬರೆದ ಸಣ್ಣ ತೆರೆಗಳನ್ನು ಹೀಗೆ ಹಳಿಯಲಾಗದು. ಅವುಗಳಲ್ಲಿ ಕಪಾಟು ಮಾಯವಾಗಿ, ಪುಸ್ತಕದ ರಾಶಿಯ ಬಳಿ ಕನ್ನಡಕ, ಲೇಖನಿ, ಬೀಜ ತುಂಬಿದ ದಾಳಿಂಬೆ, ಕಲ್ಲಂಗಡಿಗಳು ಕಾಣಿಸುತ್ತವೆ. ಬೀಜಗಳು ಸಂತಾನದ ಹಾರೈಕೆ. ಪುಸ್ತಕಗಳು ವಿದ್ಯೆಯ ಹಾರೈಕೆ.

ಆಸ್ಥಾನ ಚಿತ್ರಕಾರರು ತಮ್ಮ ಕೃತಿಗೆ ಹೆಸರು ಹಾಕುವಂತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಯಿ ಹ್ಯೊಂಗ್‌ರೋಕ್ ಎಂಬ ಚಿತ್ರಕಾರನು ಕಪಾಟಿನೊಳಗೆ ಕಲ್ಲಿನ ಮುದ್ರೆಗಳನ್ನು ಚಿತ್ರಿಸಿ, ಅವುಗಳಲ್ಲೊಂದರ ಮುಖವನ್ನು ನೋಡುಗನತ್ತ ತಿರುಗಿಸಿ, ಅದರಲ್ಲಿ ತನ್ನ ಹೆಸರನ್ನು ಬರೆದನು. ಮುಂದೆ ಅವನು ಎರಡು ಬಾರಿ ಹೆಸರನ್ನು ಬದಲಿಸಿಕೊಂಡನು. ಆ ಪುಟ್ಟ ಮುದ್ರೆಯಲ್ಲಿ ಯಾವ ಹೆಸರಿದೆಯೆಂದು ನೋಡಿಯೇ ವಿದ್ವಾಂಸರು ತೆರೆಯ ಕಾಲವನ್ನು ಗುರುತಿಸುತ್ತಾರೆ.